ಫಿಯಾಟ್ ಹೋಗಿ ಪದ್ಮಿನಿ ಬಂದಳು!

ಇಂಡಿ ಬಸ್‌ಸ್ಟ್ಯಾಂಡಿನ ಹೊರಗೆ ಮಂದಿ ತುಂಬಿಕೊಂಡು ನಿಂತ ಗಾಡಿ ಯಾವುದೆಂದು ಕೇಳಿ ನೋಡಿ. ‘ಟೆಂಪೋ ರೀ’ ಅಂತಾರೆ. ಪುಣೆಯ ಬಜಾಜ್ ಟೆಂಪೋ ಕಂಪನಿಯವರು 2005ರಲ್ಲೇ ಆ ಹೆಸರು ಬಿಟ್ಟು ಫೋರ್ಸ್ ಮೋಟಾರ್ಸ್ ಆದರು. ಸಿಂದಗಿ, ಮುದ್ದೇಬಿಹಾಳದ ರಸ್ತೆಗಳಲ್ಲಿ ಓಡುವ ಕ್ರೂಸರ್ ಅವರದೇ. ಟೆಂಪೋ ಎಂಬುದು ಮೂಲತಃ ಜರ್ಮನಿಯ ಹ್ಯಾಂಬರ್ಗಿನ ಕಂಪನಿಯ ಹೆಸರು. ಮಾಲಕರು ಬಿಟ್ಟರು, ಮಂದಿ ಬಿಡಲಿಲ್ಲ.

ಕೂಸಿಗಾದರೆ ತೊಟ್ಟಿಲಲ್ಲಿ ಒಮ್ಮೆ ಹೆಸರಿಟ್ಟರೆ ಮುಗಿಯಿತು. ಕಾರಿಗೆ ಹಾಗಲ್ಲ. ಲೈಸನ್ಸ್ ಮುಗಿದರೆ ಹೆಸರು ಹೋಗುತ್ತದೆ, ಮಾಲು ಹಳತಾದರೆ ಹೊಸ ಹೆಸರು ಬರುತ್ತದೆ.

ಹಿಂದೊಮ್ಮೆ ಊರ ಡಾಕ್ಟರು, ಅಡತಿ ಸಾವಕಾರರು ಮೆಚ್ಚಿ ಕೊಂಡ ಫಿಯಾಟ್ ಕಾರಿನ ಕಥೆ ಕೇಳಿ. ಇಟಲಿಯ ಫಿಯಾಟ್ ಕಂಪನಿಯ ಲೈಸನ್ಸ್ ಪಡೆದು ಮುಂಬೈನ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ತಯಾರಿಸುತ್ತಿದ್ದರು. 1964ರ ಸುಮಾರಿಗೆ ಬಂದ ಮಾದರಿಗೆ ‘ಡಿಲೈಟ್’ ಎಂದು ಹೆಸರು. 1970ರ ದಶಕದ ಮೊದಲಲ್ಲಿ ಒಪ್ಪಂದ ಮುಗಿಯಿತು, ಫಿಯಾಟ್ ಹೆಸರು ಹಾಕುವಂತಿಲ್ಲ. ಅದೇ ಗಾಡಿ ‘ಪ್ರೆಸಿಡೆಂಟ್’ ಆಯಿತು. ಹೆಸರು ದೊಡ್ಡದು, ಆದರೆ ಬಹಳ ದಿನ ಬಾಳಲಿಲ್ಲ. 1974ರಲ್ಲಿ ಚಿತ್ತೋಡದ ರಾಣಿಯನ್ನು ಕರೆತಂದು ‘ಪದ್ಮಿನಿ’ ಎಂದರು! ಎಂಜಿನ್ ಮಾತ್ರ ಅದೇ 1089 ಸಿಸಿ. ಬದಲಾದದ್ದು ಬಾನೆಟ್ ಮೇಲಿನ ಬಿಲ್ಲೆ. ಬಿಲ್ಲೆ ಏನೇ ಹೇಳಲಿ, ಗ್ಯಾರೇಜಿನವರ ಬಾಯಲ್ಲಿ ಅದು ಕೊನೇತನಕ ‘ಫೇಟ್’ ಆಗಿಯೇ ಉಳಿಯಿತು. ಮುಂಬೈಗೆ ದುಡಿಯಲು ಹೋದ ನಮ್ಮ ಮಂದಿ ಹತ್ತುತ್ತಿದ್ದ ಕಪ್ಪು-ಹಳದಿ ಟ್ಯಾಕ್ಸಿಯೂ ಇದೇ. 2023ರ ಅಕ್ಟೋಬರಿನಲ್ಲಿ ಅಲ್ಲಿನ ಕೊನೇ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿತು.

ಅಂಬಾಸಿಡರ್ ಕಥೆ ಇನ್ನೊಂದು ನಮೂನೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಇಲ್ಲಿ ಮೊದಲು ‘ಲ್ಯಾಂಡ್‌ಮಾಸ್ಟರ್’ ಎನಿಸಿತ್ತು. ಅದರ ಮುಂದಿನ ಮಾದರಿಯೇ ಅಂಬಾಸಿಡರ್. ಆಮೇಲೆ ಮಾರ್ಕ್ 2 ಬಂತು, ಮಾರ್ಕ್ 3 ಬಂತು, 1979ರಲ್ಲಿ ಮಾರ್ಕ್ 4. ಮೂತಿ ತಿದ್ದಿ ಮಾರ್ಕು ಏರಿಸಿದರೇ ಹೊರತು ಮೈಕಟ್ಟು ಬಹುಮಟ್ಟಿಗೆ ಅದೇ. 2014ರ ಮೇ ತಿಂಗಳಲ್ಲಿ ತಯಾರಿಕೆ ನಿಂತಿತು. ಅದೇ ವರ್ಷ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರವಾಯಿತು, ಬಸ್ಸಿನ ಬೋರ್ಡೂ ಬದಲಾದವು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನೇ ಫ್ರಾನ್ಸಿನ ಪ್ಯೂಜೋ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು. ಗಾಡಿಯಲ್ಲ, ಬರೀ ಹೆಸರು!

ಆಗ ಒಂದೇ ಗಾಡಿಗೆ ನಾಲ್ಕು ಹೆಸರು. ಈಗ ಉಲ್ಟಾ, ಒಂದೇ ಹೆಸರಿಗೆ ಎರಡು ಗಾಡಿ. ಮಾರುತಿಯವರ ಬಲೆನೋ 1999ರಲ್ಲಿ ಬಂದಾಗ ಹಿಂದೆ ಡಿಕ್ಕಿಯಿದ್ದ ಉದ್ದನೆಯ ಕಾರು. 2007ಕ್ಕೆ ಅದು ನಿಂತಿತು. 2015ರಲ್ಲಿ ಅದೇ ಹೆಸರಿನಲ್ಲಿ ಬಂದದ್ದು ಗಿಡ್ಡ ಬಾಲದ ಬೇರೆಯೇ ಕಾರು. ಝೆನ್ ಹೆಸರಿಗೂ 2006ರಲ್ಲಿ ‘ಎಸ್ಟಿಲೋ’ ಬಾಲ ಹಚ್ಚಿ ಬೇರೆ ಗಾಡಿ ಮಾರಿದರು.

ಬಸವನ ಬಾಗೇವಾಡಿಯಲ್ಲಿ ಸೆಕೆಂಡ್‌ಹ್ಯಾಂಡ್ ಕಾರಿಗೆ ರೊಕ್ಕ ಎಣಿಸುವ ಅಂಗಡಿಕಾರ ಬಿಲ್ಲೆ ನೋಡಿ ಕೈಚೀಲ ಬಿಚ್ಚಬಾರದು. ಬಿಲ್ಲೆ ಕಿತ್ತು ಬೇರೆಯದು ಅಂಟಿಸಲು ಎಷ್ಟು ಹೊತ್ತು? ಆರ್‌ಸಿ ಬುಕ್ಕಿನಲ್ಲಿ ಮಾದರಿ, ತಯಾರಾದ ಇಸವಿ, ಚಾಸಿ ನಂಬರು ಇರುತ್ತವೆ. ಆ ನಂಬರನ್ನು ಗಾಡಿಯ ಮೇಲೆ ಕೊರೆದ ನಂಬರಿಗೆ ತಾಳೆ ಹಾಕಬೇಕು. ಖಾಸಗಿ ಕಾರಿಗೆ 15 ವರ್ಷ ದಾಟಿದ್ದರೆ ನೋಂದಣಿ ನವೀಕರಿಸಿದ್ದಾರೋ ಇಲ್ಲವೋ, ಅದನ್ನೂ ಕೇಳಬೇಕು. ಬಿಡಿಭಾಗ ತರಿಸುವಾಗಲೂ ಇಸವಿ ಹೇಳಲೇಬೇಕು. ಬರೀ ‘ಬಲೆನೋ ಬಂಪರ್’ ಅಂದರೆ ವಿಜಯಪುರದಿಂದ ಬಂದ ಸಾಮಾನು ಮರುದಿನದ ಬಸ್ಸಿಗೇ ವಾಪಸ್.