ತಟ್ಟೆಯಲ್ಲಿ ಅನ್ನವೆಷ್ಟು, ಪಲ್ಯವೆಷ್ಟು?

ಕಳೆದ ಶ್ರಾವಣ ಮಾಸದ ಒಂದು ಮುಂಜಾನೆ ಸೊರಬ ತಾಲ್ಲೂಕಿನ ಗ್ರಾಮವೊಂದರಿಂದ ತಾಯಿಯೊಬ್ಬರನ್ನು ಅವರ ಮಗ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಹಿಂದಿನ ಸಂಜೆ ಹಾಲು ಕರೆಯಲು ಕೊಟ್ಟಿಗೆಗೆ ಹೋದವರು ಮೈಯೆಲ್ಲ ಬೆವರಿ, ಕೈಕಾಲು ನಡುಗಿ ಅಲ್ಲಿಯೇ ಕುಸಿದಿದ್ದರು. ಪ್ರಜ್ಞೆ ಪೂರ್ಣವಾಗಿ ತಪ್ಪಿರಲಿಲ್ಲವಾದ್ದರಿಂದ ಮನೆಯವರು ಬೆಲ್ಲದ ನೀರು ಕುಡಿಸಿದ್ದರು. ಸ್ವಲ್ಪ ಹೊತ್ತಿನಲ್ಲಿ ಚೇತರಿಸಿಕೊಂಡಿದ್ದರು. ವಿಚಾರಿಸಲಾಗಿ ತಿಳಿದದ್ದಿಷ್ಟು: ಅನ್ನ, ರೊಟ್ಟಿ ಬಿಟ್ಟರೆ ಸಕ್ಕರೆ ಕಾಯಿಲೆ ತಾನಾಗಿ ಹೋಗುವುದೆಂದು ಯಾರೋ ಮೊಬೈಲಿನಲ್ಲಿ ಹೇಳಿದ್ದನ್ನು ನಂಬಿ, ಹದಿನೈದು ದಿನಗಳಿಂದ ಎರಡನ್ನೂ ಪೂರ್ತಿ ತ್ಯಜಿಸಿದ್ದರು. ಆದರೆ ವೈದ್ಯರು ಹಿಂದೆ ಬರೆದುಕೊಟ್ಟಿದ್ದ ಗ್ಲಿಮೆಪಿರೈಡ್ ಮಾತ್ರೆಯನ್ನು ಎಂದಿನಂತೆ ಎರಡು ಹೊತ್ತು ನುಂಗುತ್ತಿದ್ದರು. ಮೂರು ಹೊತ್ತು ಅನ್ನ ಉಣ್ಣುವವರಿಗೆಂದು ಗೊತ್ತುಪಡಿಸಿದ ಮಾತ್ರೆ, ಅನ್ನವೇ ಇಲ್ಲದ ದೇಹದಲ್ಲಿ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಿತ್ತು.

ಆ ತಾಯಿಯ ಸಂಕಲ್ಪವನ್ನು ನಾವು ತಪ್ಪೆನ್ನಲಾರೆವು. ತಪ್ಪಿದ್ದುದು ವಿಧಾನದಲ್ಲಿ.

ಶಿಕಾರಿಪುರ, ಸೊರಬ ಸೀಮೆಯ ಊಟವನ್ನೇ ನೋಡೋಣ. ಬೆಳಿಗ್ಗೆ ಅಕ್ಕಿರೊಟ್ಟಿ ಇಲ್ಲವೆ ಅವಲಕ್ಕಿ, ಮಧ್ಯಾಹ್ನ ಅನ್ನ-ಸಾರು, ಸಂಜೆ ಮಂಡಕ್ಕಿ, ರಾತ್ರಿ ಪುನಃ ಅನ್ನ. ಹೆಸರು ನಾಲ್ಕಾದರೂ ಧಾನ್ಯ ಒಂದೇ. ಮಂಡಕ್ಕಿ ಹಗುರವೆಂದು ಸೇರುಗಟ್ಟಲೆ ತಿನ್ನುವವರಿಗೆ ಅದೂ ಅಕ್ಕಿಯೇ ಎಂಬುದು ನೆನಪಿರುವುದಿಲ್ಲ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದ್ದು, ಅದು ಜೀರ್ಣವಾಗಿ ಸಕ್ಕರೆಯ ರೂಪದಲ್ಲಿಯೇ ರಕ್ತವನ್ನು ಸೇರುತ್ತದೆ. ನಮ್ಮ ಹಿರಿಯರೂ ಇದನ್ನೇ ಉಂಡರಲ್ಲವೆ ಎಂದು ಕೇಳುವವರುಂಟು. ಉಂಡರು, ಆದರೆ ಗದ್ದೆಯಲ್ಲಿ ದಿನವಿಡೀ ಬಾಗಿ ದುಡಿದರು. ಇಂದು ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ, ತೋಟಕ್ಕೂ ಬೈಕಿನಲ್ಲಿ ಹೋಗುತ್ತೇವೆ. ತಟ್ಟೆಯ ಅನ್ನದ ಗುಡ್ಡೆ ಮಾತ್ರ ಕರಗಿಲ್ಲ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಿನಲ್ಲಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರವ್ಯಾಪಿ ಅಧ್ಯಯನವು 2023ರಲ್ಲಿ ಅಂದಾಜಿಸಿತು.

ಇಲ್ಲಿ ನಮ್ಮದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಬಹುಕಾಲ ನಾವು ರೋಗಿಗಳಿಗೆ ‘ಅನ್ನ ಬಿಡಿ, ಜೋಳದ ರೊಟ್ಟಿ, ರಾಗಿಮುದ್ದೆ, ಸಿರಿಧಾನ್ಯ ಎಷ್ಟಾದರೂ ಉಣ್ಣಿ’ ಎನ್ನುತ್ತಿದ್ದೆವು. ಅವರು ನಿಷ್ಠೆಯಿಂದ ನಾಲ್ಕು ರೊಟ್ಟಿ ಉಂಡು ಬರುತ್ತಿದ್ದರು. ಸಕ್ಕರೆ ಇದ್ದಲ್ಲಿಯೇ ಇರುತ್ತಿತ್ತು. ರಾಗಿ, ಜೋಳಗಳಲ್ಲಿ ನಾರು ಹೆಚ್ಚು, ನಿಜ. ಆದರೆ ಅವುಗಳಲ್ಲಿಯೂ ಮೂರರಲ್ಲಿ ಎರಡು ಪಾಲು ಶರ್ಕರಪಿಷ್ಟವೇ. ಅದೇ ಅಧ್ಯಯನದ 2025ರ ಆಹಾರ ವಿಶ್ಲೇಷಣೆಯೂ ಇದನ್ನೇ ಹೇಳಿತು: ಭಾರತೀಯರ ಆಹಾರಶಕ್ತಿಯಲ್ಲಿ ಸರಾಸರಿ ಶೇಕಡಾ 62ರಷ್ಟು ಶರ್ಕರಪಿಷ್ಟದಿಂದ ಬರುತ್ತಿದೆ, ಒಟ್ಟು ಪ್ರಮಾಣ ತಗ್ಗಿಸದೆ ಕೇವಲ ಧಾನ್ಯ ಬದಲಿಸಿದರೆ ಅಪಾಯ ತಗ್ಗದು, ಅದರಲ್ಲಿ ಸ್ವಲ್ಪ ಪಾಲನ್ನು ಬೇಳೆಕಾಳು, ಹಾಲು-ಮೊಸರಿನ ಸಸಾರಜನಕಕ್ಕೆ ಬಿಟ್ಟುಕೊಟ್ಟವರಲ್ಲಿ ಅಪಾಯ ಕಡಿಮೆ.

ಪಿಷ್ಟ ತಗ್ಗಿಸುವ ಪಥ್ಯ ಹೊಸ ಶೋಧವೇನಲ್ಲ. 1863ರಲ್ಲಿಯೇ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬವರು ಬ್ರೆಡ್ಡು, ಸಕ್ಕರೆ, ಆಲೂಗಡ್ಡೆಗಳನ್ನು ತೊರೆದು ಸ್ಥೂಲಕಾಯ ಇಳಿಸಿಕೊಂಡ ಬಗೆಯನ್ನು ಕಿರುಪುಸ್ತಿಕೆಯಾಗಿ ಪ್ರಕಟಿಸಿದ್ದರು. ಅವರದು ಮಾಂಸಪ್ರಧಾನವಾದ ಪಥ್ಯ; ನಮ್ಮ ಮನೆಗಳಿಗೆ ಒಗ್ಗದು. ಅದಕ್ಕೂ ಬಹು ಹಿಂದೆ ಚರಕ ಸಂಹಿತೆಯು ಕುಳಿತಲ್ಲೇ ಕುಳಿತಿರುವ ಸುಖ, ಅತಿನಿದ್ರೆ, ಹೊಸ ಧಾನ್ಯ, ಬೆಲ್ಲದ ಭಕ್ಷ್ಯಗಳನ್ನು ಪ್ರಮೇಹದ ಕಾರಣಗಳೆಂದು ಎಣಿಸಿ, ಪ್ರಮೇಹಿಗೆ ಜವೆಗೋಧಿ, ಹೆಸರುಕಾಳಿನಂಥ ಆಹಾರವನ್ನು ವಿಧಿಸಿತು. ಅದೇ ಗ್ರಂಥವು ಮೊಸರನ್ನೂ ಆ ಕಾರಣಗಳ ಸಾಲಿಗೇ ಸೇರಿಸಿದೆ. ಆದುದರಿಂದ ನಾವು ಗಟ್ಟಿ ಮೊಸರಿಗಿಂತ ಕಡೆದ ಮಜ್ಜಿಗೆಯನ್ನೇ ಹೆಚ್ಚಾಗಿ ಸೂಚಿಸುತ್ತೇವೆ.

ಮನೆಯ ಒಲೆಯ ಮೇಲೆ ಇದನ್ನು ಸಾಧಿಸಲು ಪೇಟೆಯ ದುಬಾರಿ ಹಿಟ್ಟು, ಪುಡಿಗಳು ಬೇಕಿಲ್ಲ. ಬೆಳಗಿನ ಅಕ್ಕಿರೊಟ್ಟಿಗೆ ಬದಲಾಗಿ ರಾತ್ರಿ ನೆನೆಸಿದ ಹೆಸರುಕಾಳನ್ನು ಹಸಿಶುಂಠಿ, ಜೀರಿಗೆಯೊಡನೆ ರುಬ್ಬಿ ದೋಸೆ ಹುಯ್ಯಬಹುದು. ರೊಟ್ಟಿಯೇ ಬೇಕೆಂದರೆ ಹಿಟ್ಟು ಅರ್ಧಕ್ಕಿಳಿಸಿ, ತುರಿದ ಸೋರೆಕಾಯಿ, ಮೆಂತ್ಯಸೊಪ್ಪುಗಳನ್ನು ಧಾರಾಳವಾಗಿ ಸೇರಿಸಿ ತಟ್ಟಬಹುದು. ಹುರುಳಿಯ ವಿಷಯದಲ್ಲಿ ನಮ್ಮ ಕಡೆಯ ರೂಢಿ ವಿಚಿತ್ರವಾದುದು: ಕಟ್ಟು ಮನೆಯವರ ಸಾರಿಗೆ, ಬೆಂದ ಕಾಳು ಕೊಟ್ಟಿಗೆಯ ಎತ್ತಿಗೆ! ನೂರು ಗ್ರಾಂ ಹುರುಳಿಯಲ್ಲಿ 20 ಗ್ರಾಂಗೂ ಮಿಕ್ಕಿ ಸಸಾರಜನಕವಿದೆ. ಅದರ ಬಹುಭಾಗ ಉಳಿಯುವುದು ಕಾಳಿನಲ್ಲಿ. ಮೊಳಕೆ ಬರಿಸಿ ಪಲ್ಯ ಮಾಡಿದರೆ ಜೀರ್ಣಕ್ಕೂ ಸುಲಭ. ಅಡಿಕೆ ತೋಟದ ಬಾಳೆದಿಂಡು, ಬೇಲಿಯ ಬಸಳೆ, ನುಗ್ಗೆಸೊಪ್ಪು, ಹರಿವೆ, ಬದನೆಯ ಎಣ್ಣೆಗಾಯಿ, ಶೇಂಗಾ ಹಾಗೂ ಗುರೆಳ್ಳಿನ ಚಟ್ನಿಪುಡಿ, ಇವೆಲ್ಲ ಕಡಿಮೆ ಪಿಷ್ಟದ ಅಡುಗೆಗಳೇ. ಆಲೂಗಡ್ಡೆ, ಗೆಣಸು ತರಕಾರಿಯ ಬುಟ್ಟಿಯಲ್ಲಿದ್ದರೂ ಅನ್ನದ ಲೆಕ್ಕಕ್ಕೇ ಸೇರುತ್ತವೆ. ಊಟಕ್ಕೆ ಕುಳಿತಾಗ ಮೊದಲು ಕೋಸಂಬರಿ, ಪಲ್ಯ, ಕಾಳುಗಳನ್ನು ಉಂಡು ಅನ್ನವನ್ನು ಕೊನೆಗೆ ಬಡಿಸಿಕೊಂಡರೆ ಊಟದ ನಂತರದ ಸಕ್ಕರೆಯ ಏರಿಕೆ ಕಡಿಮೆಯಾಗುತ್ತದೆ. ಮಠದ ದಾಸೋಹದ ಪಂಕ್ತಿಯಲ್ಲಿ ಪ್ರಸಾದ ಬಿಡಬಾರದೆಂಬ ಭಾವದಿಂದ ಮಿತಿಮೀರಿ ಉಣ್ಣುವ ಭಕ್ತರು ಬಡಿಸುವ ಮೊದಲೇ ‘ಅರ್ಧ ಸಾಕು’ ಎನ್ನಬಹುದು. ಬಡಿಸುವವರು ದಯವಿಟ್ಟು ಒತ್ತಾಯಿಸಬಾರದು.

ಅನ್ನವನ್ನು ಪೂರ್ತಿ ಬಿಡಿಸುವುದು ನಮ್ಮ ಪದ್ಧತಿಯಲ್ಲ. ಅರ್ಧಕ್ಕಿಳಿಸಿದರೆ ಹಲವರಲ್ಲಿ ಕೆಲವೇ ವಾರಗಳಲ್ಲಿ ತೂಕ ತಗ್ಗಿ, ಊಟದ ನಂತರದ ಮಂಪರು ಹೋಗಿ, ರಕ್ತದ ಟ್ರೈಗ್ಲಿಸರೈಡ್ ಇಳಿಯುವುದನ್ನು ಕಂಡಿದ್ದೇವೆ. ಬಿಟ್ಟ ಅನ್ನದ ಜಾಗದಲ್ಲಿ ತುಪ್ಪ, ಕೊಬ್ಬರಿ ಸುರಿದುಕೊಂಡವರಲ್ಲಿ ಕೆಟ್ಟ ಕೊಲೆಸ್ಟರಾಲ್ ಏರಿದ್ದನ್ನೂ ಕಂಡಿದ್ದೇವೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಅನ್ನ ಕಡಿಮೆ ಮಾಡುವ ಮುನ್ನವೇ ವೈದ್ಯರಿಗೆ ತಿಳಿಸಿ ಪ್ರಮಾಣ ಸರಿಪಡಿಸಿಕೊಳ್ಳಬೇಕು. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳವರು ಅನ್ನ, ರೊಟ್ಟಿಗಳನ್ನು ಪೂರ್ತಿ ಬಿಟ್ಟರೆ ರಕ್ತ ಆಮ್ಲೀಯವಾಗುವ ಅಪಾಯವುಂಟು. ಆಗ ಸಕ್ಕರೆಯ ಅಂಕಿ ಹೆಚ್ಚು ಏರದೆಯೇ ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಬಹುದು. ಮೂತ್ರಪಿಂಡದ ತೊಂದರೆಯವರು ಕಾಳುಗಳನ್ನು ಸ್ವಂತ ವಿವೇಚನೆಯಿಂದ ಹೆಚ್ಚಿಸಕೂಡದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಇಂಥ ಪಥ್ಯಕ್ಕೆ ತಾವಾಗಿ ಇಳಿಯಬಾರದು. ಸಕ್ಕರೆ ಇಳಿದು ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಆ ತಾಯಿಗೆ ಮಾತ್ರೆ ಬರೆದಿದ್ದ ವೈದ್ಯರೊಡನೆ ನಾವು ಅಂದೇ ದೂರವಾಣಿಯಲ್ಲಿ ಮಾತನಾಡಿದೆವು. ಅವರು ಪ್ರಮಾಣ ಇಳಿಸಿದರು. ಈಗ ತಾಯಿ ಮಧ್ಯಾಹ್ನ ಒಂದು ಸಣ್ಣ ಬಟ್ಟಲು ಅನ್ನ, ರಾತ್ರಿ ಒಂದು ರೊಟ್ಟಿ ಉಣ್ಣುತ್ತಾರೆ. ‘ಮೊದಲು ಅನ್ನದ ಕೂಡ ಪಲ್ಯ ನೆಂಚಿಕೊಳ್ತಿದ್ದೆ, ಈಗ ಪಲ್ಯದ ಕೂಡ ಅನ್ನ ನೆಂಚಿಕೊಳ್ತೀನಿ ಡಾಕ್ಟ್ರೇ’ ಎಂದು ನಕ್ಕರು. ಕೊಟ್ಟಿಗೆಗೆ ಹೋಗುವಾಗ ಸೆರಗಿನ ತುದಿಯಲ್ಲಿ ಬೆಲ್ಲದ ಚೂರು ಕಟ್ಟಿಕೊಳ್ಳುವುದನ್ನು ಇನ್ನೂ ಬಿಟ್ಟಿಲ್ಲ. ಬಿಡಬೇಡಿ ಎಂದೇ ಹೇಳಿದ್ದೇವೆ. ಜೊತೆಗೆ ಬಂದಿದ್ದ ಮಗನ ರಕ್ತವನ್ನೂ ಆಗಲೇ ಪರೀಕ್ಷೆಗೆ ಕಳುಹಿಸಿದ್ದೆವು. ವಯಸ್ಸು ಮೂವತ್ತಾರು, ವರದಿ ಮಧುಮೇಹದ ಹೊಸ್ತಿಲನ್ನು ತೋರಿಸಿತು. ಆತನಿಗೆ ಔಷಧ ಬರೆದಿಲ್ಲ. ತಾಯಿಯ ಅಡುಗೆಯನ್ನೇ ಉಂಡು, ತೋಟಕ್ಕೆ ನಡೆದೇ ಹೋಗಿ, ಮೂರು ತಿಂಗಳ ನಂತರ ಮತ್ತೆ ಪರೀಕ್ಷೆಗೆ ಬರುವಂತೆ ತಿಳಿಸಿದ್ದೇವೆ.