ಉದ್ಯಾನದಲ್ಲಿ ಕನ್ನಡಿ: ಅಲಂಕಾರ ಮತ್ತು ಭ್ರಾಂತಿ

'ಅಲಂಕಾರ' ಎಂಬ ಪದವನ್ನು ಕನ್ನಡದಲ್ಲಿ ಕಾವ್ಯಕ್ಕೂ ಬಳಸುತ್ತೇವೆ, ಮನೆ-ತೋಟಗಳಿಗೂ ಬಳಸುತ್ತೇವೆ. ಉದ್ಯಾನವೂ ನಮ್ಮ ಕಾವ್ಯಾಭ್ಯಾಸಕ್ಕೆ ಅಪರಿಚಿತವಲ್ಲ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ವನವಿಹಾರ, ಜಲಕ್ರೀಡೆಗಳಿಗೆ ನಿಶ್ಚಿತ ಸ್ಥಾನವಿದೆ. ಉದ್ಯಾನದಲ್ಲಿ ಕನ್ನಡಿಯನ್ನು ಅಲಂಕಾರಕ್ಕಾಗಿ ಇರಿಸುವ ಪದ್ಧತಿಯ ಹಿನ್ನೆಲೆಯನ್ನು ವಿವರಿಸಿ, ಅದನ್ನು ಅರಿಯಲು ಅಲಂಕಾರಶಾಸ್ತ್ರದ ಪರಿಭಾಷೆ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಕೈಗನ್ನಡಿಯಿಂದ ನೀರ್ಗನ್ನಡಿಗೆ

ಕನ್ನಡದ 'ಕನ್ನಡಿ', ತಮಿಳು ಮತ್ತು ಮಲಯಾಳಗಳ 'ಕಣ್ಣಾಡಿ' ಜ್ಞಾತಿಪದಗಳು. ಇವುಗಳ ಮೊದಲ ಘಟಕ 'ಕಣ್' ಎಂಬುದು ಸ್ಪಷ್ಟ. ಗಾಜಿನ ಕನ್ನಡಿ ಬಳಕೆಗೆ ಬರುವ ಮೊದಲು ಉಜ್ಜಿ ಹೊಳಪಿಸಿದ ಲೋಹವೇ ಕನ್ನಡಿಯಾಗಿತ್ತು. ತಾಮ್ರ-ತವರಗಳ ಮಿಶ್ರಲೋಹದಿಂದ ತಯಾರಾಗುವ ಕೇರಳದ ಆರನ್ಮುಳ ಕನ್ನಡಿ ಈ ಪರಂಪರೆಯ ಜೀವಂತ ಉದಾಹರಣೆ. ಲೋಹದ ಫಲಕವನ್ನು ಸಮತಟ್ಟಾಗಿ ಹೊಳಪಿಸುವುದು ಶ್ರಮದ ಕೆಲಸವಾದ್ದರಿಂದ ಇಂತಹ ಕನ್ನಡಿಗಳು ಸಾಮಾನ್ಯವಾಗಿ ಚಿಕ್ಕವಾಗಿರುತ್ತಿದ್ದವು. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣಸುಂದರಿಯ ಕೈಯಲ್ಲಿರುವುದೂ ಕೈಗನ್ನಡಿಯೇ. ಅಲ್ಲಿ ಕನ್ನಡಿ ನೋಡುವವಳ ಅಧೀನದಲ್ಲಿದೆ. ಏನನ್ನು ನೋಡಬೇಕೆಂಬುದನ್ನು ಅವಳೇ ನಿರ್ಧರಿಸುತ್ತಾಳೆ. ಉದ್ಯಾನದ ಕನ್ನಡಿ ಇದಕ್ಕಿಂತ ಭಿನ್ನ. ಅದು ಸ್ಥಿರವಾಗಿರುತ್ತದೆ, ನೋಡುವವನು ಚಲಿಸುತ್ತಾನೆ.

ಹೀಗಾಗಿ ಬಹುಕಾಲ ಉದ್ಯಾನಕ್ಕೆ ಒದಗಿದ ದೊಡ್ಡ ಕನ್ನಡಿಯೆಂದರೆ ನಿಂತ ನೀರು. ಫ್ರಾನ್ಸಿನ ವೋ-ಲ-ವಿಕೋಂತ್ ಉದ್ಯಾನದಲ್ಲಿ ಆಂದ್ರೆ ಲ ನೋತ್ರ್ ಇದನ್ನು ಲೆಕ್ಕಾಚಾರಪೂರ್ವಕವಾಗಿ ಬಳಸಿದನು. ಅರಮನೆಯಿಂದ ಬಹುದೂರದಲ್ಲಿರುವ ಚೌಕಾಕಾರದ ಕೊಳದ ಆಚೆ ನಿಂತು ಹಿಂತಿರುಗಿ ನೋಡಿದವನಿಗೆ ಅರಮನೆಯ ಮುಂಭಾಗ ನೀರಿನಲ್ಲಿ ಮೂಡಿ ಕಾಣುತ್ತದೆ. ಪತನ ಕೋನ ಮತ್ತು ಪ್ರತಿಫಲನ ಕೋನಗಳು ಸಮ ಎಂಬ ನಿಯಮವೇ ಇದಕ್ಕೆ ಆಧಾರ. ೧೬೬೧ರ ಆಗಸ್ಟ್ ೧೭ರಂದು ಈ ಉದ್ಯಾನದಲ್ಲಿ ಹದಿನಾಲ್ಕನೆಯ ಲೂಯಿಗೆ ವೈಭವದ ಔತಣವನ್ನು ನೀಡಿದ ಒಡೆಯ ನಿಕೊಲಾ ಫುಕೆ ಮುಂದಿನ ತಿಂಗಳೇ ಬಂಧನಕ್ಕೊಳಗಾದನು. ಲ ನೋತ್ರ್ ವೆರ್ಸೈಲ್ಸ್‌ನ ಉದ್ಯಾನವನ್ನು ರೂಪಿಸಿದನು. ಅಲ್ಲಿಯ ಅರಮನೆಯಲ್ಲಿ ೧೬೭೮-೮೪ರ ಅವಧಿಯಲ್ಲಿ ನಿರ್ಮಾಣವಾದ ದರ್ಪಣ ಶಾಲೆಯಲ್ಲಿ ಉದ್ಯಾನದ ಕಡೆಗೆ ತೆರೆಯುವ ೧೭ ಕಿಟಕಿಗಳಿಗೆ ಎದುರಾಗಿ ೧೭ ಕಮಾನುಗಳಿದ್ದು, ಅವುಗಳಲ್ಲಿ ೩೫೭ ಕನ್ನಡಿಗಳನ್ನು ಕೂಡಿಸಲಾಗಿದೆ. ಇಲ್ಲಿ ಕನ್ನಡಿ ಉದ್ಯಾನದೊಳಗಿಲ್ಲ, ಉದ್ಯಾನವೇ ಕನ್ನಡಿಯ ಮೂಲಕ ಒಳಗೆ ಬಂದಿದೆ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕನ್ನಡಿ ಮತ್ತೊಮ್ಮೆ ಕೈಗೆ ಬಂದಿತು. ಚಿತ್ರಕಾರ ಕ್ಲಾಡ್ ಲೊರೇನ್‌ನ ಹೆಸರಿನ 'ಕ್ಲಾಡ್ ಗ್ಲಾಸ್' ಕಪ್ಪುಬಣ್ಣದ ಪೀನ ದರ್ಪಣ. ನಿಸರ್ಗಕ್ಕೆ ಬೆನ್ನು ಮಾಡಿ ನಿಂತು, ಅದರಲ್ಲಿ ಮೂಡುವ ಮಂದವರ್ಣದ ಪುಟ್ಟ ಚಿತ್ರವನ್ನು ನೋಡುವುದು ರಸಿಕರ ರೂಢಿಯಾಗಿತ್ತು. ೧೭೬೯ರಲ್ಲಿ ಕವಿ ಥಾಮಸ್ ಗ್ರೇ ಸರೋವರ ಪ್ರಾಂತದ ಪ್ರವಾಸದಲ್ಲಿ ಈ ಕನ್ನಡಿಯನ್ನು ಕೈಯಲ್ಲಿ ಹಿಡಿದಿದ್ದಾಗ ದಾರಿಯಲ್ಲಿ ಬೆನ್ನಡಿಯಾಗಿ ಬಿದ್ದು ಬೆರಳ ಗೆಣ್ಣುಗಳನ್ನು ಗಾಯಗೊಳಿಸಿಕೊಂಡುದನ್ನು ತಾನೇ ದಾಖಲಿಸಿದ್ದಾನೆ.

೨. ಇಂದಿನ ಬಳಕೆ

೧೮೩೫ರಲ್ಲಿ ಯುಸ್ಟುಸ್ ಫಾನ್ ಲೀಬಿಗ್ ಗಾಜಿಗೆ ಬೆಳ್ಳಿಯ ಲೇಪ ಕೊಡುವ ರಾಸಾಯನಿಕ ವಿಧಾನವನ್ನು ಕಂಡುಹಿಡಿದ ನಂತರ ದೊಡ್ಡ ಕನ್ನಡಿ ಕ್ರಮೇಣ ಸಾಮಾನ್ಯರ ಕೈಗೆಟುಕಿತು. ಇಂದು ನಗರಗಳ ಕಿರಿದಾದ ಹಿತ್ತಿಲುಗಳಲ್ಲಿ ಗೋಡೆಗೆ ಕನ್ನಡಿ ಹೊಂದಿಸಿ ವಿಸ್ತಾರದ ಭಾವನೆಯನ್ನು ಉಂಟುಮಾಡಲಾಗುತ್ತದೆ. ವಸ್ತು ಕನ್ನಡಿಯ ಮುಂದೆ ಎಷ್ಟು ದೂರದಲ್ಲಿದೆಯೋ ಅದರ ಬಿಂಬ ಅಷ್ಟೇ ದೂರ ಹಿಂದೆ ತೋರುವುದರಿಂದ, ಹತ್ತು ಅಡಿಯ ಅಂಗಳ ಇಪ್ಪತ್ತು ಅಡಿಯಾಗಿ ಕಾಣುತ್ತದೆ. ಅಂಚುಗಳನ್ನು ಬಳ್ಳಿಯಿಂದ ಮರೆಮಾಡುವುದು, ಬಾಗಿಲು ಅಥವಾ ಕಿಟಕಿಯ ಚೌಕಟ್ಟನ್ನು ಕೊಡುವುದು, ಬರುವವನಿಗೆ ತನ್ನ ಮುಖವೇ ಎದುರಾಗದಂತೆ ತುಸು ಓರೆಯಾಗಿ ಇರಿಸುವುದು ಇದರ ಮುಖ್ಯ ಸೂತ್ರಗಳು. ಕನ್ನಡಿ ಆಯ್ಕೆ ಮಾಡುವುದಿಲ್ಲ. ಎದುರಿಗೆ ಹೂವಿದ್ದರೆ ಹೂವನ್ನು, ಚರಂಡಿಯಿದ್ದರೆ ಚರಂಡಿಯನ್ನು ಇಮ್ಮಡಿಸುತ್ತದೆ. ತೇವದಿಂದ ಲೇಪ ಕೆಡುವ ಕಾರಣ ಹೊರಾಂಗಣದಲ್ಲಿ ಅಕ್ರಿಲಿಕ್ ಅಥವಾ ಉಕ್ಕಿನ ಫಲಕಗಳನ್ನೂ ಬಳಸುವುದುಂಟು.

ಈ ಮರೆಮಾಚುವಿಕೆಯನ್ನೇ ತಿರುವುಮುರುವು ಮಾಡಿದ ಕೃತಿ ಜಪಾನಿನ ಕಲಾವಿದೆ ಯಾಯೊಯಿ ಕುಸಾಮಾ ಅವರ 'ನಾರ್ಸಿಸಸ್ ಗಾರ್ಡನ್'. ೧೯೬೬ರ ವೆನಿಸ್ ಬಿಯೆನಾಲೆಯಲ್ಲಿ ಅಧಿಕೃತ ಆಹ್ವಾನವಿಲ್ಲದೆಯೇ ಅವರು ಹುಲ್ಲುಹಾಸಿನ ಮೇಲೆ ೧೫೦೦ ಕನ್ನಡಿಗೋಳಗಳನ್ನು ಹರಡಿ, ಒಂದೊಂದನ್ನೂ ೧೨೦೦ ಲಿರಾಗೆ ಮಾರತೊಡಗಿದರು. ಸಂಘಟಕರು ಆ ಮಾರಾಟವನ್ನು ತಡೆದರು. ಇಲ್ಲಿ ಕನ್ನಡಿ ತಾನು ಕನ್ನಡಿಯೆಂದು ಸಾರಿಕೊಳ್ಳುತ್ತದೆ, ನೋಡುವವನಿಗೆ ಅವನ ಮುಖವನ್ನೇ ಸಾವಿರ ಬಾರಿ ತೋರಿಸುತ್ತದೆ.

೩. ಭ್ರಾಂತಿಮಾನ್

ಸಾದೃಶ್ಯದ ಕಾರಣದಿಂದ ಒಂದು ವಸ್ತುವನ್ನು ಮತ್ತೊಂದೆಂದು ತಪ್ಪಾಗಿ ತಿಳಿಯುವುದನ್ನು ವರ್ಣಿಸಿದರೆ ಅದು ಭ್ರಾಂತಿಮಾನ್ ಅಲಂಕಾರ. ಅದೋ ಇದೋ ಎಂದು ಮನಸ್ಸು ತೂಗಾಡಿದರೆ ಸಂದೇಹಾಲಂಕಾರ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಭ್ರಾಂತಿಮಾನ್‌ನಲ್ಲಿ ತಪ್ಪು ತಿಳಿಯುವುದು ಪಾತ್ರವೇ ಹೊರತು ಓದುಗನಲ್ಲ. ಓದುಗನಿಗೆ ನಿಜ ತಿಳಿದಿರುವುದರಿಂದಲೇ ಚಮತ್ಕಾರ ಹುಟ್ಟುತ್ತದೆ. ಉದ್ಯಾನದ ಕನ್ನಡಿಯ ಮುಂದೆ ನಿಂತವನು ಕ್ಷಣಮಾತ್ರ ಪಾತ್ರವಾಗಿ, ಮರುಕ್ಷಣ ಓದುಗನಾಗುತ್ತಾನೆ. ಆಚೆ ಇನ್ನೊಂದು ತೋಟವಿದೆಯೆಂದು ನಂಬುವವನೂ ಅವನೇ, ಅದು 'ಕನ್ನಡಿಯೊಳಗಿನ ಗಂಟು' ಎಂದು ಅರಿತು ನಗುವವನೂ ಅವನೇ. ಈ ಎರಡನೆಯ ಹೆಜ್ಜೆ ಇಲ್ಲವಾದರೆ ಅಲಂಕಾರ ಉಳಿಯುವುದಿಲ್ಲ, ಬರಿಯ ಭ್ರಾಂತಿ ಉಳಿಯುತ್ತದೆ.

ಮಹಾಭಾರತದ ಸಭಾಪರ್ವ ಇದನ್ನು ಬಹು ಹಿಂದೆಯೇ ಕಾಣಿಸಿದೆ. ಮಯನಿರ್ಮಿತ ಸಭೆಯಲ್ಲಿ ದುರ್ಯೋಧನನು ಸ್ಫಟಿಕದ ನೆಲವನ್ನು ನೀರೆಂದು ತಿಳಿದು ಉಡುಪನ್ನು ಎತ್ತಿಕೊಳ್ಳುತ್ತಾನೆ, ಕೊಳವನ್ನು ನೆಲವೆಂದು ತಿಳಿದು ಬೀಳುತ್ತಾನೆ. ಅವನಿಗೂ ನಿಜ ತಿಳಿಯುತ್ತದೆ. ಆದರೆ ಇತರರು ನಕ್ಕ ಮೇಲೆ. ತನ್ನ ಭ್ರಾಂತಿಗೆ ತಾನೇ ನಗುವ ಅವಕಾಶ ಅವನಿಗೆ ದೊರೆಯಲಿಲ್ಲ. ಅಲಂಕಾರವಾಗಬೇಕಿದ್ದುದು ಅವಮಾನವಾಯಿತು, ಅವಮಾನ ದ್ಯೂತಕ್ಕೆ ದಾರಿಮಾಡಿತು.

೪. ನಿಜವನ್ನರಿಯಲಾರದ ನೋಟಕರು

ಉದ್ಯಾನದ ನೋಟಕರು ಮನುಷ್ಯರಷ್ಟೇ ಅಲ್ಲ. ಬಹುಪಾಲು ಹಕ್ಕಿಗಳಿಗೆ ಕನ್ನಡಿಯಲ್ಲಿ ಕಾಣುವುದು ತನ್ನ ಬಿಂಬವೆಂಬ ಅರಿವಿಲ್ಲ. ೨೦೦೮ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮ್ಯಾಗ್‌ಪೈ ಹಕ್ಕಿಗಳು ತಮ್ಮನ್ನು ಗುರುತಿಸಿಕೊಂಡ ಲಕ್ಷಣ ತೋರಿದ್ದು ವಿಶೇಷ ಸುದ್ದಿಯಾಯಿತೆಂಬುದೇ ಇದಕ್ಕೆ ಸಾಕ್ಷಿ. ಬಿಂಬವನ್ನು ಪ್ರತಿಸ್ಪರ್ಧಿಯೆಂದು ಬಗೆದು ಕುಕ್ಕುವ ಹಕ್ಕಿ ಸಂತಾನಕಾಲದ ತನ್ನ ಶಕ್ತಿಯನ್ನು ವ್ಯಯಮಾಡಿಕೊಳ್ಳುತ್ತದೆ. ಪ್ರತಿಫಲಿತ ಹಸಿರನ್ನು ನಿಜವಾದ ಗಿಡವೆಂದು ತಿಳಿದು ಹಾರಿಬರುವ ಹಕ್ಕಿ ಅಪ್ಪಳಿಸಿ ಸಾಯುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಟ್ಟಡಗಳಿಗೆ, ಮುಖ್ಯವಾಗಿ ಅವುಗಳ ಗಾಜಿಗೆ, ಬಡಿದು ವರ್ಷಕ್ಕೆ ೩೬.೫ ಕೋಟಿಯಿಂದ ೯೮.೮ ಕೋಟಿ ಹಕ್ಕಿಗಳು ಸಾಯುತ್ತವೆಂದು ೨೦೧೪ರ ಅಧ್ಯಯನವೊಂದು ಅಂದಾಜಿಸಿದೆ. ಈ ಲೆಕ್ಕ ಉದ್ಯಾನದ ಕನ್ನಡಿಗಳದ್ದಲ್ಲ. ಆದರೆ ಭ್ರಾಂತಿಯ ಕಾರಣ ಒಂದೇ. ಅಲ್ಲದೆ ನೇರ ಬಿಸಿಲಿಗೊಡ್ಡಿದ ಕನ್ನಡಿ ಎದುರಿನ ಎಲೆಗಳನ್ನು ಸುಡಬಲ್ಲದು. ನಿಮ್ನ ದರ್ಪಣವಾದರೆ ಬೆಂಕಿಯನ್ನೂ ಹೊತ್ತಿಸಬಲ್ಲದು.

ಪರಿಹಾರಗಳು ಸರಳವಾಗಿವೆ. ಚಿಕ್ಕ ಚಿಕ್ಕ ಚೌಕಗಳಾಗಿ ವಿಭಜಿಸಿದ ಕನ್ನಡಿ, ಮುಂದೆ ಜಾಲರಿ ಅಥವಾ ಒತ್ತಾದ ಗೆರೆಗಳ ವಿನ್ಯಾಸ, ಗಿಡಗಳ ನಡುವಿನ ಹಾರುವ ದಾರಿಯನ್ನು ಬಿಟ್ಟ ನೆರಳಿನ ಗೋಡೆ ಇವು ಅಪಾಯವನ್ನು ತಗ್ಗಿಸುತ್ತವೆ. ನೋಡಲು ತಗ್ಗಿ ಬಾಗಬೇಕಾದ ನೀರಿನ ತೊಟ್ಟಿಯಂತೂ ಬಿಂಬದೊಡನೆ ಹಕ್ಕಿಗೆ ಕುಡಿಯಲು ನೀರನ್ನೂ ಕೊಡುತ್ತದೆ.

ಒಟ್ಟಾರೆಯಾಗಿ, ಉದ್ಯಾನದಲ್ಲಿ ಕನ್ನಡಿ ಅಲಂಕಾರವಾಗುವುದು ಅದು ಹುಟ್ಟಿಸುವ ಭ್ರಾಂತಿಯಿಂದಲ್ಲ, ಆ ಭ್ರಾಂತಿ ಕಳೆಯುವ ಕ್ಷಣದಿಂದ. ಆ ಕ್ಷಣವನ್ನು ಕಾಣಲಾರದ ಜೀವಿಗಳು ಉದ್ಯಾನದಲ್ಲಿವೆ ಎಂಬುದನ್ನು ಮರೆತ ವಿನ್ಯಾಸ ಎಷ್ಟೇ ಸುಂದರವಾಗಿದ್ದರೂ ಮಯಸಭೆಯ ದೋಷವನ್ನು ಪುನರಾವರ್ತಿಸಿದಂತೆಯೇ ಸರಿ.