ಕೆಳಗಿಳಿಯದ ಸ್ಟೆಪ್ನಿ

ಆಪತ್ತಿಗೆಂದು ನಾವು ಕಾದಿರಿಸಿಕೊಳ್ಳುವ ವಸ್ತುಗಳಿಗೆ ಒಂದು ವಿಚಿತ್ರ ಗುಣವುಂಟು. ಅವು ಇವೆಯೆಂಬ ನೆನಪೇ ನಮಗೆ ನೆಮ್ಮದಿ ಕೊಡುತ್ತದೆ. ಆ ನೆಮ್ಮದಿಯ ದೆಸೆಯಿಂದಲೇ ನಾವು ಅವುಗಳ ಕಡೆ ತಿರುಗಿ ನೋಡುವುದನ್ನು ಮರೆಯುತ್ತೇವೆ. ಅಟ್ಟದ ಮೇಲಿನ ಲಾಂದ್ರ, ಕಪಾಟಿನ ಮೂಲೆಯ ಔಷಧದ ಸೀಸೆ, ಹಿತ್ತಲ ಬಾಗಿಲಿನ ಎರಡನೆಯ ಬೀಗದ ಕೈ, ಇವೆಲ್ಲ ಬೇಕಾದ ದಿನ ಬೇಕಾದಂತೆ ಒದಗಿದ್ದನ್ನು ಕಂಡವರು ವಿರಳ. ಈ ಮಾತು ನನಗೆ ಪೂರ್ತಿಯಾಗಿ ಮನವರಿಕೆಯಾದದ್ದು ನನ್ನ 71ನೆಯ ವಯಸ್ಸಿನಲ್ಲಿ, ವೇಲ್ಸ್ ದೇಶದ ಕಡಲ ಬದಿಯ ಒಂದು ಹುಲ್ಲುಗಾವಲಿನಲ್ಲಿ.

2023ರ ಏಪ್ರಿಲ್ ತಿಂಗಳಲ್ಲಿ ನಾನು ಇಂಗ್ಲೆಂಡಿನಲ್ಲಿ ನೆಲಸಿರುವ ಮಗನ ಮನೆಗೆ ಹೋಗಿದ್ದೆ. ಅವನ ಮನೆಯಂಗಳದಲ್ಲಿ ಒಂದು ಮೋಟಾರುಮನೆ ನಿಂತಿತ್ತು. ಸಣ್ಣ ಲಾರಿಯೊಂದರ ಚಾಸಿಯ ಮೇಲೆ ಮಂಚ, ಒಲೆ, ನೀರಿನ ತೊಟ್ಟಿ, ಊಟದ ಮೇಜು ಎಲ್ಲವನ್ನೂ ಅಡಕವಾಗಿ ಕೂಡಿಸಿ ಕಟ್ಟಿದ ಸಂಚಾರದ ಮನೆ ಅದು. ಸರಕೆಲ್ಲ ಸೇರಿದರೆ ಮೂರೂವರೆ ಟನ್ ತೂಗುತ್ತದೆ. ಅವನು ಅದನ್ನು ಎರಡು ವರ್ಷಗಳ ಹಿಂದೆ ಹಳೆಯದಾಗಿಯೇ ಕೊಂಡಿದ್ದನಂತೆ. ಕೊಂಡ ಮೇಲೆ ದೂರ ಎಲ್ಲಿಗೂ ಒಯ್ದಂತೆ ಕಾಣಲಿಲ್ಲ. ಏಕೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವನ ತಾಯಿ ತೀರಿಕೊಂಡ ಮೇಲೆ ನಮ್ಮಿಬ್ಬರ ನಡುವೆ ಹವೆಯ ಸಮಾಚಾರ, ಔಷಧದ ವೇಳೆ, ವಿಮಾನದ ಟಿಕೇಟು, ಇವುಗಳಾಚೆಗೆ ಮಾತು ಬೆಳೆದಿರಲಿಲ್ಲ. ಈಸ್ಟರ್ ರಜೆಗೆ ನಾವಿಬ್ಬರೇ ಅದರಲ್ಲಿ ವೇಲ್ಸಿನ ಕಡೆ ಹೊರಟೆವು.

ಮೂರನೆಯ ಬೆಳಿಗ್ಗೆ ಎದ್ದಾಗ ಒಲೆಯ ಮೇಲಿನ ಪಾತ್ರೆ ಒಂದು ಪಕ್ಕಕ್ಕೆ ವಾಲಿತ್ತು. ಹೊರಗೆ ಬಂದು ನೋಡಿದರೆ ಹಿಂದಿನ ಎಡಚಕ್ರದ ಟೈರು ನೆಲಕ್ಕೆ ಅಂಟಿಕೊಂಡಿತ್ತು. ಯಾವುದೋ ಮೊಳೆ ರಾತ್ರಿಯಿಡೀ ತನ್ನ ಕೆಲಸ ಮಾಡಿತ್ತು. ನೆರವಿನ ವಾಹನಕ್ಕೆ ಫೋನು ಮಾಡಿದಾಗ, ರಜೆಯ ದಟ್ಟಣೆಯಿರುವುದರಿಂದ ಸಂಜೆಯಾಗಬಹುದೆಂಬ ಉತ್ತರ ಬಂತು. ಮಗ ನಕ್ಕು, "ಅಪ್ಪ, ಚಿಂತೆಯಿಲ್ಲ, ಕೆಳಗೆ ಸ್ಟೆಪ್ನಿ ಇದೆ. ನೀವು ಒಳಗೆ ಕೂತಿರಿ, ಚಳಿಯಿದೆ" ಎಂದ.

ಈ ಬಗೆಯ ಗಾಡಿಯಲ್ಲಿ ಸ್ಟೆಪ್ನಿಯನ್ನು ಹಿಂಭಾಗದ ಚಾಸಿಯ ಅಡಿಗೆ, ತಟ್ಟೆಯನ್ನು ಮಲಗಿಸಿದಂತೆ ತೂಗುಹಾಕಿರುತ್ತಾರೆ. ಚಕ್ರದ ನಡುವಣ ತೂತಿನಲ್ಲಿ ಒಂದು ಉಕ್ಕಿನ ಹಗ್ಗ ಇಳಿದಿರುತ್ತದೆ. ಹಗ್ಗದ ಕೆಳತುದಿಯ ಅಡ್ಡಪಟ್ಟಿ ಚಕ್ರವನ್ನು ಹೊತ್ತಿರುತ್ತದೆ. ಮೇಲುತುದಿ ಒಂದು ಪುಟ್ಟ ರಾಟೆಗೆ ಸುತ್ತಿಕೊಂಡಿರುತ್ತದೆ. ಹಿಂಬದಿಯಿಂದ ಉದ್ದನೆಯ ಪಾನಾ ತೂರಿಸಿ ತಿರುಗಿಸಿದರೆ, ಬಾವಿಗೆ ಕೊಡ ಇಳಿದಂತೆ ಚಕ್ರ ನೆಲಕ್ಕಿಳಿಯಬೇಕು. ಮಗ ತಿರುಗಿಸಿದ. ಹಗ್ಗ ಇಳಿಯಿತು, ಸಡಿಲವಾಗಿ ಜೋತುಬಿತ್ತು. ಚಕ್ರ ಮಾತ್ರ ಇದ್ದಲ್ಲಿಂದ ಕದಲಲಿಲ್ಲ. ಹಗ್ಗದ ಹಂಗಿಲ್ಲದೆ, ಕೇವಲ ತುಕ್ಕಿನ ಬಲದಿಂದ ಅದು ಚಾಸಿಗೆ ಕಚ್ಚಿಕೊಂಡಿತ್ತು.

ತುಕ್ಕೆಂದರೆ ಕಬ್ಬಿಣ ಸವೆಯುವುದೆಂದಷ್ಟೇ ನಾವು ತಿಳಿಯುತ್ತೇವೆ. ಆದರೆ ನೀರು ಮತ್ತು ಆಮ್ಲಜನಕದೊಡನೆ ಬೆರೆತು ತುಕ್ಕಾದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಎರಡು ಲೋಹದ ಮೈಗಳ ನಡುವೆ ಕೂದಲೆಳೆಯಷ್ಟು ಸಂದಿದ್ದರೂ ಸಾಕು, ತುಕ್ಕು ಅದನ್ನು ತುಂಬಿ, ಬೆಣೆ ಹೊಡೆದಂತೆ ಬಿಗಿಯುತ್ತದೆ. ಬ್ರಿಟನ್ನಿನಲ್ಲಿ ಇದಕ್ಕೆ ಇನ್ನೊಂದು ಸಹಾಯವುಂಟು. ಚಳಿಗಾಲದಲ್ಲಿ ರಸ್ತೆಯ ಮೇಲೆ ಹಿಮ ಗಟ್ಟಿಯಾಗದಿರಲೆಂದು ಕಲ್ಲುಪ್ಪು ಎರಚುತ್ತಾರೆ. ಚೆಷೈರ್ ಪ್ರಾಂತದ ವಿನ್ಸ್‌ಫರ್ಡಿನಲ್ಲಿ 1844ರಲ್ಲಿ ಕಂಡುಬಂದ ಉಪ್ಪಿನ ಗಣಿ ಈ ಕೆಲಸಕ್ಕೆ ಇಂದಿಗೂ ಉಪ್ಪನ್ನು ಒದಗಿಸುತ್ತಿದೆ. ಮನುಷ್ಯರು ಜಾರಿ ಬೀಳದಂತೆ ಕಾಯುವ ಆ ಉಪ್ಪೇ ಗಾಡಿಗಳ ಅಡಿಗೆ ಸಿಡಿದು, ಕಬ್ಬಿಣ ತುಕ್ಕುಹಿಡಿಯುವುದನ್ನು ತೀವ್ರಗೊಳಿಸುತ್ತದೆ. ಹಿಂದಿನ ಒಡೆಯನ ಕಾಲದ ಉಪ್ಪಿನ ಮೇಲೆ, ಅಂಗಳದಲ್ಲಿ ನಿಂತ ಎರಡು ಚಳಿಗಾಲದ ತೇವ ಸೇರಿ, ನಮ್ಮ ಸ್ಟೆಪ್ನಿಯ ಗತಿ ಹೀಗಾಗಿತ್ತು.

ಮಗನಿಗೆ ರೇಗಿತು. ನೆನೆದ ಹುಲ್ಲಿನ ಮೇಲೆಯೇ ಜಾಕ್ ಇಟ್ಟು ಗಾಡಿಯ ಹಿಂಭಾಗವನ್ನೆತ್ತಿ, ಅಂಗಾತ ಮಲಗಿ, ಒಳಕ್ಕೆ ತೆವಳತೊಡಗಿದ. ಒಳಗಿನಿಂದ ಕಾಲಲ್ಲಿ ಒದ್ದರೆ ಚಕ್ರ ಬಿದ್ದೀತೆಂದು ಅವನ ಎಣಿಕೆ. ಜಾಕಿನ ಪಾದ ಮೆಲ್ಲನೆ ಮಣ್ಣಿಗಿಳಿಯುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. "ಏಳೋ ಈಚೆಗೆ!" ಎಂದು ನಾನು ಕೂಗಿದ ಕೂಗು ನನಗೇ ಅಪರಿಚಿತವಾಗಿತ್ತು. ಅವನು ಹತ್ತು ವರ್ಷದವನಿದ್ದಾಗ ಕೆರೆಯ ಏರಿಯ ಮೇಲೆ ಒಮ್ಮೆ ಹಾಗೆ ಕೂಗಿದ್ದೆ. ನಲವತ್ತು ದಾಟಿದ ಮಗ ಅಂದಿನಂತೆಯೇ ಬೆಚ್ಚಿ ಈಚೆಗೆ ಬಂದ. ಕೆಲವು ಗಳಿಗೆಯಲ್ಲಿ ಜಾಕ್ ಓರೆಯಾಗಿ, ಗಾಡಿ ಒಂದು ಗೇಣು ಕುಸಿಯಿತು. ಇಬ್ಬರೂ ಮಾತಾಡಲಿಲ್ಲ. ಅವನ ಮುಖ ಬಿಳುಚಿತ್ತು. ನನ್ನ ಕೈ ನಡುಗುತ್ತಿತ್ತು.

ನನ್ನ ಕೂಗಿಗೆ ಪಕ್ಕದ ಗಾಡಿಯಿಂದ ಒಬ್ಬ ಮುದುಕರು ಇಳಿದು ಬಂದರು. ನಾನು ಮಗನಿಗೆ ಕನ್ನಡದಲ್ಲಿ, "ಈ ಸ್ಟೆಪ್ನಿ ಇವತ್ತು ಇಳಿಯೋದಿಲ್ಲ, ಬಿಡು" ಎನ್ನುತ್ತಿದ್ದೆ. ಮುದುಕರು ಥಟ್ಟನೆ ನಿಂತು, ಯಾವ ಪದ ಹೇಳಿದಿರಿ ಎಂದು ಕೇಳಿದರು. ನಮ್ಮ ದೇಶದಲ್ಲಿ ಬಿಡಿ ಚಕ್ರಕ್ಕೆ ಹೀಗೆನ್ನುತ್ತೇವೆ ಎಂದೆ. ಅವರ ಮುಖ ಅರಳಿತು. ಆ ಪದ ಹುಟ್ಟಿದ ಊರು ಇಲ್ಲಿಗೆ ಕೆಲವೇ ಮೈಲಿಯಲ್ಲಿದೆ, ಅದೇ ನನ್ನ ಊರು, ಎಂದರು.

ಆ ಊರು ಲನೆಲ್ಲಿ. ಹೆಸರಿನಲ್ಲಿ ಎರಡು ಸಲ ಬರುವ ವೆಲ್ಷ್ ಧ್ವನಿಯೊಂದಕ್ಕೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವಿಲ್ಲ. ಆದ್ದರಿಂದ ಹೀಗೆ ಬರೆದಿದ್ದೇನೆ. ಮೋಟಾರಿನ ಆರಂಭದ ದಿನಗಳಲ್ಲಿ ಗಾಡಿಗಳು ಬಿಡಿ ಚಕ್ರವನ್ನು ಒಯ್ಯುತ್ತಿರಲಿಲ್ಲ. ಗಾಳಿ ಹೋದರೆ ರಸ್ತೆಯ ಬದಿಯಲ್ಲಿ ಕುಳಿತು ಟೈರು ಬಿಚ್ಚಿ ತೇಪೆ ಹಾಕಬೇಕಿತ್ತು. 1904ರಲ್ಲಿ ಲನೆಲ್ಲಿಯ ಥಾಮಸ್ ಮಾರಿಸ್ ಡೇವಿಸ್ ಮತ್ತು ವಾಲ್ಟರ್ ಡೇವಿಸ್ ಸೋದರರು ಇದಕ್ಕೊಂದು ಉಪಾಯ ಕಂಡರು. ಅರಗಳಿಲ್ಲದ ಒಂದು ಲೋಹದ ಬಳೆ, ಅದರ ಮೇಲೆ ಗಾಳಿ ತುಂಬಿದ ಟೈರು; ಕೆಟ್ಟ ಚಕ್ರದ ಪಕ್ಕಕ್ಕೆ ಅದನ್ನು ಬಿಗಿದರೆ ಗಾಡಿ ಮುಂದೆ ಸಾಗುತ್ತಿತ್ತು. ಅವರ ಅಂಗಡಿಯಿದ್ದ ಸ್ಟೆಪ್ನಿ ಬೀದಿಯ ಹೆಸರೇ ಸಾಧನಕ್ಕೂ ಬಂತು. ಬೀದಿಗೆ ಆ ಹೆಸರು ಬಂದದ್ದು ಅಲ್ಲಿನ ಹಳೆಯ ಜಮೀನುದಾರ ಮನೆತನದಿಂದ, ಲಂಡನ್ನಿನ ಸ್ಟೆಪ್ನಿಯಿಂದಲ್ಲ. ಆ ಸಾಧನ ದೇಶದೇಶಗಳಿಗೆ ಹೋಯಿತು. ಇಂಗ್ಲಿಷರು ಪದವನ್ನು ಬಹುಮಟ್ಟಿಗೆ ಮರೆತರು. ನಮ್ಮ ಲಾರಿಯವರೂ ಗ್ಯಾರೇಜಿನ ಹುಡುಗರೂ ಅದನ್ನು ಕಾಪಾಡಿಕೊಂಡು ಬಂದರು.

ಮುದುಕರು ದುಡಿದು ನಿವೃತ್ತರಾದದ್ದು ತವರದ ಲೇಪದ ತಗಡು ಮಾಡುವ ಕಾರ್ಖಾನೆಯಲ್ಲಿ. ಆ ಕೈಗಾರಿಕೆಯಿಂದಾಗಿ ಲನೆಲ್ಲಿಗೆ ತವರಪಟ್ಟಣವೆಂಬ ಅರ್ಥದ ಅಡ್ಡಹೆಸರೇ ಇತ್ತು. ಉಕ್ಕಿಗೆ ತುಕ್ಕು ತಟ್ಟದಂತೆ ಕಾಯುವುದರಲ್ಲಿ ಆಯುಷ್ಯ ಕಳೆದವರಿಗೆ ನಮ್ಮ ಶತ್ರುವಿನ ಪರಿಚಯ ಚೆನ್ನಾಗಿಯೇ ಇತ್ತು. ಅವರು ಅವಸರಪಡಲಿಲ್ಲ. ಮೊದಲು ಕೈಬ್ರೇಕು ಹಾಕಿಸಿ, ಉಳಿದ ಚಕ್ರಗಳಿಗೆ ಹಿಂದೂ ಮುಂದೂ ಮರದ ತುಂಡು ಕೊಡಿಸಿದರು. ಕೆಟ್ಟ ಚಕ್ರದ ಬೋಲ್ಟುಗಳನ್ನು ಗಾಡಿಯೆತ್ತುವ ಮುನ್ನವೇ ತುಸು ಸಡಿಲಿಸಿದರು. ಜಾಕಿನ ಕೆಳಗೆ ಅಗಲವಾದ ಹಲಗೆ ಹಾಸಿದರು. ಗಾಡಿಯನ್ನು ಎತ್ತಿದ ಮೇಲೆ, ಪರಿಚಯದ ತೋಟದಮನೆಯಿಂದ ತಂದ ಉಕ್ಕಿನ ಎರಡು ಮುಕ್ಕಾಲಿಗಳನ್ನು ಅಚ್ಚಿನ ಕೆಳಗಿಟ್ಟು ಭಾರವನ್ನು ಅವುಗಳ ಮೇಲಿಳಿಸಿದರು. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ, ಎಂಬುದು ಅವರ ಮಾತು. ಅನಂತರ ಸ್ಟೆಪ್ನಿಯ ಅಡಿಗೆ ಮರದ ದಿಮ್ಮಿಗಳನ್ನು ಪೇರಿಸಿದರು. ಇಪ್ಪತ್ತೈದು ಕಿಲೋಗೂ ಮಿಗಿಲಾದ ಚಕ್ರ ಒಮ್ಮೆಲೇ ಕಳಚಿದರೆ ಯಾರ ಮೈಮೇಲೂ ಬೀಳಬಾರದು. ಕೊನೆಗೆ ಕಚ್ಚಿಕೊಂಡ ಜಾಗವನ್ನು ತಂತಿಯ ಬ್ರಷ್ಷಿನಿಂದ ಕೈ ಚಾಚಿ ಉಜ್ಜಿ, ತುಕ್ಕು ಬಿಡಿಸುವ ತೆಳ್ಳನೆಯ ಎಣ್ಣೆ ಹಾಯಿಸಿ, ಇನ್ನು ಒಂದು ಗಂಟೆ ಯಾರೂ ಏನೂ ಮಾಡಕೂಡದೆಂದು ಹೇಳಿ ಚಹಾಕ್ಕೆ ಹೋದರು.

ಎಣ್ಣೆ ಸಂದಿಯೊಳಗೆ ತಾನಾಗಿ ಹರಿದು ಇಳಿಯಬೇಕು. ಅದಕ್ಕೆ ಹೊತ್ತು ಬೇಕು. ನಾವಿಬ್ಬರೂ ಮೆಟ್ಟಿಲ ಮೇಲೆ ಕುಳಿತೆವು. ಬಹಳ ಹೊತ್ತಿನ ಮೇಲೆ ಮಗ, "ಇದನ್ನ ಅಮ್ಮನಿಗೋಸ್ಕರ ಕೊಂಡಿದ್ದೆ, ಅಪ್ಪ" ಎಂದ. ಹೋಟೆಲಿನ ಊಟ ಅವಳಿಗೆ ಒಗ್ಗುವುದಿಲ್ಲವೆಂದು, ತನ್ನ ಅಡಿಗೆ ತಾನೇ ಮಾಡಿಕೊಂಡು ದೇಶ ನೋಡಲೆಂದು, ಒಲೆಯಿರುವ ಗಾಡಿಯನ್ನು ಹುಡುಕಿ ಕೊಂಡಿದ್ದನಂತೆ. ಅವಳು ಬರಬೇಕಾದ ತಿಂಗಳಲ್ಲೇ ಹಾಸಿಗೆ ಹಿಡಿದಳು. ಆಮೇಲೆ ಅವನಿಗೆ ಇದರ ಬಾಗಿಲು ತೆರೆಯುವ ಮನಸ್ಸಾಗಿರಲಿಲ್ಲ. "ನಿಮಗೆ ಹೇಳಿದರೆ ನೊಂದುಕೊಳ್ತೀರಿ ಅಂತ ಸುಮ್ಮನಿದ್ದೆ" ಎಂದ. ನಾನೂ ಅದೇ ಕಾರಣಕ್ಕೆ ಸುಮ್ಮನಿದ್ದವನು. ಅವಳು ಆ ಪಯಣಕ್ಕೆಂದು ಸಾರಿನಪುಡಿ ಮಾಡಿಟ್ಟಿದ್ದಳೆಂದೂ, ಆ ಡಬ್ಬಿ ಇನ್ನೂ ನಮ್ಮ ಅಡಿಗೆಮನೆಯಲ್ಲಿದೆಯೆಂದೂ ಅವನಿಗೆ ಅಂದು ಹೇಳಿದೆ. ಅವನು ಅತ್ತ. ನಾನು ಅವನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದೆ.

ಗಂಟೆ ಕಳೆದ ಮೇಲೆ ಮುದುಕರು ಬಂದು, ಉದ್ದನೆಯ ಮರದ ತೊಲೆಯೊಂದನ್ನು ಪಕ್ಕದಿಂದ ತೂರಿಸಿ ಸನ್ನೆಕೋಲಿನಂತೆ ಹಿಡಿದರು. ಬಲವಾಗಿ ಒಮ್ಮೆಗೇ ಒತ್ತಲಿಲ್ಲ; ಆ ಕಡೆ ತುಸು, ಈ ಕಡೆ ತುಸು, ಹಲ್ಲು ಅಲುಗಿಸುವಂತೆ ಅಲುಗಿಸಿದರು. ನಡುವೆ ಮತ್ತೆ ಎಣ್ಣೆ. ನಾಲ್ಕನೆಯ ಸರದಿಯಲ್ಲಿ ಒಣಕೊಂಬೆ ಮುರಿದಂಥ ಸದ್ದಾಯಿತು. ಕೆಂಪು ಪುಡಿ ಉದುರಿತು. ಸ್ಟೆಪ್ನಿ ದಿಮ್ಮಿಗಳ ಮೇಲೆ ಬಂದು ಕುಳಿತಿತು.

ಅಷ್ಟಕ್ಕೇ ಕಥೆ ಮುಗಿಯಲಿಲ್ಲ. ಟೈರಿನ ಪಕ್ಕದಲ್ಲಿ ಒತ್ತಿದ್ದ ನಾಲ್ಕು ಅಂಕೆಗಳನ್ನು ಮುದುಕರು ನನಗೆ ಓದಿಸಿದರು: 2409. ಅಂದರೆ 2009ನೆಯ ಇಸವಿಯ 24ನೆಯ ವಾರದಲ್ಲಿ ತಯಾರಾದದ್ದು. ಒಂದು ಮೈಲಿಯನ್ನೂ ಓಡದ ಟೈರು ಹದಿನಾಲ್ಕು ವರ್ಷದಲ್ಲಿ ಸುಮ್ಮನೆ ಮುದಿಯಾಗಿತ್ತು. ಗಾಳಿ ಅರ್ಧಕ್ಕಿಳಿದಿತ್ತು, ರಬ್ಬರಿನಲ್ಲಿ ಸಣ್ಣ ಸೀಳುಗಳಿದ್ದವು. ಅವರ ಪಂಪಿನಿಂದ ಗಾಳಿ ತುಂಬಿ, ನಿಧಾನವಾಗಿ ಲನೆಲ್ಲಿಯ ಟೈರಂಗಡಿಯವರೆಗೆ ಹೋಗಿ ಹೊಸದನ್ನು ಹಾಕಿಸಿದೆವು. ಹಿಂತಿರುಗುವಾಗ ಸ್ಟೆಪ್ನಿ ಬೀದಿಯಲ್ಲಿ ಸ್ವಲ್ಪ ಹೊತ್ತು ನಡೆದಾಡಿದೆವು.

ಬೀಳ್ಕೊಡುವಾಗ ಮುದುಕರು ಮಗನಿಗೆ ಹೇಳಿದ್ದು ಒಂದೇ ಮಾತು: ವರ್ಷಕ್ಕೊಮ್ಮೆ ಅದನ್ನು ಕೆಳಗಿಳಿಸು, ಒರೆಸು, ಗ್ರೀಸು ಹಚ್ಚು, ಗಾಳಿ ನೋಡು, ಮತ್ತೆ ಏರಿಸು. ಕೇಳಿದಾಗ ನನಗೆ ನಮ್ಮ ಆಯುಧಪೂಜೆಯ ನೆನಪಾಯಿತು. ಪಾಂಡವರು ಶಮೀವೃಕ್ಷದಲ್ಲಿ ಅಡಗಿಸಿಟ್ಟ ಆಯುಧಗಳನ್ನು ಒಂದು ವರ್ಷದ ಅಜ್ಞಾತವಾಸ ಮುಗಿಯುತ್ತಲೇ ಇಳಿಸಿಕೊಂಡರು. ನಮ್ಮ ಬೀದಿಯ ಟ್ಯಾಕ್ಸಿಯವನೊಬ್ಬ ಆ ಹಬ್ಬದ ದಿನ ಸ್ಟೆಪ್ನಿಯನ್ನೂ ಹೊರತೆಗೆದು ತೊಳೆದು ಕುಂಕುಮವಿಡುತ್ತಿದ್ದುದನ್ನು ಕಂಡು ನಾನು ಒಮ್ಮೆ ನಕ್ಕಿದ್ದೆ. ಕುಂಕುಮದ ಫಲವೇನೆಂದು ನಾನು ಈಗಲೂ ವಾದಿಸಲಾರೆ; ಆದರೆ ಕುಂಕುಮವಿಡುವುದಕ್ಕಾದರೂ ಅದು ವರ್ಷಕ್ಕೊಮ್ಮೆ ಕೈಗೆ ಸಿಗುತ್ತಿತ್ತು. ಆ ಟ್ಯಾಕ್ಸಿಯವನ ಬುದ್ಧಿ ನನಗಿಂತ ದೊಡ್ಡದು.

ಆ ವರ್ಷದ ಅಕ್ಟೋಬರಿನಲ್ಲಿ, ಆಯುಧಪೂಜೆಯ ಸಂಜೆ, ಮಗ ಒಂದು ಚಿತ್ರ ಕಳಿಸಿದ. ಅಂಗಳದಲ್ಲಿ ಸ್ಟೆಪ್ನಿ ನಿಂತಿತ್ತು. ಅದರ ಮೇಲೆ ಕುಂಕುಮದ ಮೂರು ಬೊಟ್ಟು. ಚಿತ್ರ ನೋಡಿ ಮುಗಿಸುವಷ್ಟರಲ್ಲಿ ಅವನ ಫೋನೂ ಬಂತು. ಅರ್ಧ ಗಂಟೆ ಮಾತಾಡಿದೆವು. ಹವೆಯ ಸಮಾಚಾರ ಬರಲೇ ಇಲ್ಲ.